ಪಾಡ್‌ಕಾಸ್ಟ್ ಮಾಡುವವಳೊಬ್ಬಳು ಸಣ್ಣ ಊರಿನ ಹಳೇ ಕೊಲೆಯನ್ನು ಕೆದಕುವ ಥ್ರಿಲ್ಲರ್ ಬರೆಯುತ್ತಿದ್ದೇನೆ. ಕೊಲೆಗಾರ ಯಾರೆಂದು ಕೊನೆಯ ಪುಟದವರೆಗೂ ಮುಚ್ಚಿಡುವುದು ಹೇಗೆ?

ಹೆಚ್ಚುಕಮ್ಮಿ ಇದೇ ಕಾದಂಬರಿಯನ್ನು ಒಮ್ಮೆ ಬರೆದು ಮುಗಿಸಿ, ಹಾಳಾಗಿ ಹೋಗಲಿ ಅಂತ ಮೂಲೆಗೆ ಹಾಕಿ, ಮತ್ತೆ ತೆಗೆದು ಬರೆದವನು ನಾನು. ಹಾಗಾಗಿ ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲಾಗಲಿಲ್ಲ.

ನನ್ನ ಕಥೆಯಲ್ಲಿ ಇಪ್ಪತ್ತು ವರ್ಷದ ಹಿಂದೆ ಒಬ್ಬ ಟೀಚರ್ ಕಾಣೆಯಾಗಿರುತ್ತಾರೆ. ಅವರ ಹತ್ತಿರ ಓದಿದ್ದ ಹುಡುಗಿ ದೊಡ್ಡವಳಾಗಿ, ಮೈಕ್ ಹಿಡಿದು ಊರಿಗೆ ವಾಪಸ್ ಬರುತ್ತಾಳೆ. ಒಂದು ಅಧ್ಯಾಯ ಅವಳ ಹುಡುಕಾಟ, ಮುಂದಿನದು ಅವಳು ಹಾಕಿದ ಎಪಿಸೋಡ್. ಅನುಮಾನ ಬರುವವರು ಐದು ಜನ. ಕೊಲೆಗಾರ ಆರನೆಯವನು, ಯಾರೂ ತಿರುಗಿ ನೋಡದ ಶಾಲೆಯ ಗುಮಾಸ್ತ. ಆ ಗುಮಾಸ್ತನನ್ನು ಬಚ್ಚಿಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಗೋಡೆ ತುಂಬಾ ಚೀಟಿ ಅಂಟಿಸಿ, ಯಾವ ಪುಟದಲ್ಲಿ ಯಾರ ಮೇಲೆ ಅನುಮಾನ ಬರಬೇಕು ಅಂತ ಬಣ್ಣ ಬಣ್ಣದ ಗೆರೆ ಎಳೆದಿದ್ದೆ. ಒಂದು ಪ್ರಕಾಶನದವರು ಮೊದಲ ಅಧ್ಯಾಯಗಳನ್ನು ಓದಿ, ಪೂರ್ತಿ ಕಳಿಸಿ ಅಂದರು. ಕಳಿಸಿದೆ. ಆಮೇಲೆ ಅಲ್ಲಿನ ಸಂಪಾದಕಿ ಫೋನ್ ಮಾಡಿದರು. ಗುಮಾಸ್ತನ ಬಗ್ಗೆ ಒಂದು ಮಾತೂ ಇಲ್ಲ. "ನಿಮ್ಮ ಊರಲ್ಲಿ ಯಾರಿಗೂ ಕಿವಿ ಇಲ್ವಾ?" ಅಂತ ಕೇಳಿದರು. ಪುಸ್ತಕ ಬೇಡ ಅಂದರು.

ಆ ಪ್ರಶ್ನೆ ನನ್ನ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು. ನೀವೂ ಅಲ್ಲೇ ಎಡವದಿರಲಿ ಅಂತ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾಲ್ಕನೇ ಅಧ್ಯಾಯದಲ್ಲಿ ಟೀಚರ್ ಮನೆಯ ಎದುರಿನ ಅಜ್ಜಿ, ಆ ಸಂಜೆ ಒಂದು ಬಿಳಿ ಕಾರು ನಿಂತಿತ್ತು ಅನ್ನುತ್ತಾಳೆ. ಐದನೇ ಅಧ್ಯಾಯದಲ್ಲಿ ಅದೇ ಎಪಿಸೋಡ್ ಆಗಿ ಹೊರಗೆ ಬರುತ್ತದೆ. ಅಂದರೆ ಓದುಗ ಒಂದೇ ಮಾತನ್ನು ಎರಡು ಸಲ ಓದಿದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ನಾನು. ಆದರೆ ಅದು ಸಣ್ಣ ತಪ್ಪು, ಕತ್ತರಿ ಹಾಕಿದರೆ ಹೋಗುತ್ತದೆ. ದೊಡ್ಡದು ಇನ್ನೊಂದು. ಒಂಬತ್ತನೇ ಅಧ್ಯಾಯದಲ್ಲಿ ನಾಯಕಿ ಗ್ಯಾರೇಜಿನವನ ಹತ್ತಿರ ಹೋಗಿ ಬಿಳಿ ಕಾರಿನ ವಿಷಯ ಕೇಳುತ್ತಾಳೆ. ಅವನು ಮೊದಲ ಸಲ ಕೇಳಿದವನ ಹಾಗೆ ತಲೆ ಕೆರೆದುಕೊಳ್ಳುತ್ತಾನೆ. ಇದು ಸಾಧ್ಯವಾ? ಎಪಿಸೋಡ್ ಬಂದು ಎಷ್ಟೋ ದಿನ ಆಗಿದೆ. ಸಣ್ಣ ಊರು. ಅವರದೇ ಊರಿನ ಕಥೆ. ಅಷ್ಟರಲ್ಲಿ ಆ ಕಾರಿನ ಬಗ್ಗೆ ಊರೆಲ್ಲಾ ಮಾತಾಡಿ ಮುಗಿಸಿರಬೇಕು. ಆ ಕಾಲದಲ್ಲಿ ಯಾರ ಹತ್ತಿರ ಬಿಳಿ ಕಾರಿತ್ತು ಅಂತ ಲೆಕ್ಕ ಹಾಕಿರಬೇಕು. ಬಿಳಿ ಕಾರಿದ್ದವನ ಮಗ ಯಾರ ಜೊತೆಗಾದರೂ ಜಗಳ ತೆಗೆದಿರಬೇಕು. ನೋಡದೇ ಇದ್ದವರೂ "ಹೌದು ಹೌದು, ನಾನೂ ನೋಡಿದ್ದೆ" ಅಂದಿರಬೇಕು. ಗ್ಯಾರೇಜಿನವನಂತೂ ತಾನು ಏನು ಹೇಳಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೂತಿರಬೇಕು.

ನನ್ನ ಊರಲ್ಲಿ ಇದ್ಯಾವುದೂ ಆಗಲಿಲ್ಲ. ಯಾಕೆಂದರೆ ನನ್ನ ಪಾಡ್‌ಕಾಸ್ಟಿನ ಕೇಳುಗರು ಎಲ್ಲೋ ದೂರದಲ್ಲಿದ್ದರು. ಲಕ್ಷಗಟ್ಟಲೆ ಡೌನ್‌ಲೋಡ್, ಅಭಿಮಾನಿಗಳ ಕಾಮೆಂಟು, ಎಲ್ಲಾ ಇತ್ತು. ಆ ಊರಿನವರು ಮಾತ್ರ ಒಬ್ಬರೂ ಕೇಳಲಿಲ್ಲ. ಕೊಲೆಗಾರ ಕೂಡ! ತನ್ನ ಕೊಲೆಯ ಬಗ್ಗೆ ವಾರ ವಾರ ಕಾರ್ಯಕ್ರಮ ಬರುತ್ತಿದೆ, ಮಾರಾಯ ಕೇಳುವುದೇ ಇಲ್ಲ. ಪಾಡ್‌ಕಾಸ್ಟನ್ನು ನಾನು ಸುಮ್ನೆ ಕಥೆಯ ಸುತ್ತ ಹಾಕಿದ ಅಲಂಕಾರ ಮಾಡಿಕೊಂಡಿದ್ದೆ. ಅದರ ಜಾಗದಲ್ಲಿ ಒಬ್ಬ ಪತ್ರಕರ್ತನನ್ನೋ ಇನ್ಸ್‌ಪೆಕ್ಟರನ್ನೋ ತಂದು ಕೂರಿಸಿದ್ದರೆ ಏನೂ ಬದಲಾಗುತ್ತಿರಲಿಲ್ಲ. ಪೊಲೀಸರು ವಿಚಾರಣೆ ಮಾಡಿದರೆ ಸಾಕ್ಷಿಯ ಮಾತು ಫೈಲಿನೊಳಗೆ ಇರುತ್ತದೆ. ಪಾಡ್‌ಕಾಸ್ಟರ್ ವಿಚಾರಿಸಿದರೆ ಮುಂದಿನ ವಾರ ಅದು ಮಿಕ್ಕ ಸಾಕ್ಷಿಗಳ ಕಿವಿಯಲ್ಲೇ ಇರುತ್ತದೆ. ಈ ಬಗೆಯ ಥ್ರಿಲ್ಲರಿಗೆ ಮಾತ್ರ ಸಿಗುವ ಭಾಗ್ಯ ಇದು. ನಾನು ಅದನ್ನೇ ಒದ್ದು ಹೊರಗೆ ಹಾಕಿದ್ದೆ.

ನೆನಪು ಹೀಗೆ ಕೆಡುತ್ತದೆ ಅನ್ನುವುದು ನನ್ನ ಕಲ್ಪನೆಯಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ ಕಾರುಗಳು ತಾಗಿದಾಗ ಅಂತ ಮೆತ್ತಗೆ, ಕೆಲವರಿಗೆ ಅಪ್ಪಳಿಸಿದಾಗ ಅಂತ ಜೋರಾಗಿ. ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂದರೆ, ಜೋರಾದ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಜಾಸ್ತಿ ಜನ ಹೌದು ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರಶ್ನೆಯ ಒಂದು ಪದಕ್ಕೇ ಇಷ್ಟಾದರೆ, ಹಿನ್ನೆಲೆ ಸಂಗೀತ ಹಾಕಿದ ಇಡೀ ಎಪಿಸೋಡಿಗೆ ಎಷ್ಟಾಗಬೇಡ? ಆಸ್ಟ್ರೇಲಿಯಾದ ಕೋರ್ಟಿಗೂ ಇದೇ ಚಿಂತೆ ಬಂತು. 1982ರಲ್ಲಿ ಕಾಣೆಯಾದ ಲಿನೆಟ್ ಡಾಸನ್ ಬಗ್ಗೆ 2018ರಲ್ಲಿ 'ದಿ ಟೀಚರ್ಸ್ ಪೆಟ್' ಅನ್ನುವ ಪಾಡ್‌ಕಾಸ್ಟ್ ಬಂತು. ಅದೇ ವರ್ಷದ ಕೊನೆಗೆ ಆಕೆಯ ಗಂಡನ ಬಂಧನವಾಯಿತು. ವಿಚಾರಣೆಗೆ ತೊಂದರೆ ಆಗಬಾರದು ಅಂತ 2019ರಲ್ಲಿ ಆ ಪಾಡ್‌ಕಾಸ್ಟ್ ಆ ದೇಶದಲ್ಲಿ ಸಿಗದಂತೆ ತೆಗೆದರು. ಕೊನೆಗೆ ಜನಸಾಮಾನ್ಯರ ಜ್ಯೂರಿ ಇಲ್ಲದೆ ಒಬ್ಬ ನ್ಯಾಯಾಧೀಶರೇ ಕೇಸು ನಡೆಸಿ, 2022ರಲ್ಲಿ ಅವನು ತಪ್ಪಿತಸ್ಥ ಅಂದರು. ನಿಮ್ಮ ನಾಯಕಿಗೆ ಇಂಥ ಭಯ ಒಂದು ಇರಲಿ: ನಾನು ಹುಡುಕಿದ್ದರಿಂದಲೇ ಇವನು ತಪ್ಪಿಸಿಕೊಂಡರೆ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೊಲೆಗಾರನನ್ನು ಮುಚ್ಚಿಡುವುದು ಹೇಗೆ? ನನ್ನ ಮಾತು ಕೇಳುವುದಾದರೆ ಮುಚ್ಚಿಡಲೇಬೇಡಿ. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅಂತ ನನಗನ್ನಿಸುತ್ತದೆ. ಸಣ್ಣ ಊರಿನ ಹಳೇ ಕೊಲೆಯಲ್ಲಿ "ಯಾರು" ಅನ್ನುವುದು ಅಷ್ಟು ದೊಡ್ಡ ಗುಟ್ಟಾಗಿರುವುದು ಕಮ್ಮಿ. ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ 1996ರಲ್ಲಿ ಕ್ರಿಸ್ಟಿನ್ ಸ್ಮಾರ್ಟ್ ಅನ್ನುವ ವಿದ್ಯಾರ್ಥಿನಿ ಕಾಣೆಯಾದಳು. ಕೊನೆಯದಾಗಿ ಜೊತೆಗಿದ್ದ ಹುಡುಗನ ಮೇಲೆ ಶುರುವಿನಿಂದಲೂ ಅನುಮಾನ ಇತ್ತು. 2019ರಲ್ಲಿ ಕ್ರಿಸ್ ಲ್ಯಾಂಬರ್ಟ್ ಆ ಬಗ್ಗೆ ಪಾಡ್‌ಕಾಸ್ಟ್ ಶುರು ಮಾಡಿದ ಮೇಲೆ ಹೊಸ ಸಾಕ್ಷಿಗಳು ಮುಂದೆ ಬಂದರು. 2022ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಗಿದ್ದು ಅದೇ ಹುಡುಗನ ಮೇಲೆ. ಟ್ವಿಸ್ಟ್ ಇಲ್ಲ. ಇಷ್ಟು ವರ್ಷ ಯಾರ್ಯಾರು ಏನೇನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು ಅನ್ನುವುದೇ ಅಲ್ಲಿ ಕಥೆ.

ಇನ್ನೊಂದು ಇದಕ್ಕಿಂತ ಜೋರಾಗಿದೆ. ಮಿನ್ನೆಸೋಟಾದ ಸೇಂಟ್ ಜೋಸೆಫ್ ಅನ್ನುವ ಪುಟ್ಟ ಊರಿನಲ್ಲಿ 1989ರಲ್ಲಿ ಜೇಕಬ್ ವೆಟರ್ಲಿಂಗ್ ಅನ್ನುವ 11 ವರ್ಷದ ಹುಡುಗನನ್ನು ಹೊತ್ತೊಯ್ದರು. 2016ರಲ್ಲಿ 'ಇನ್ ದಿ ಡಾರ್ಕ್' ತಂಡ ಆ ಕೇಸಿನ ಮೇಲೆ ಪಾಡ್‌ಕಾಸ್ಟ್ ತಯಾರು ಮಾಡಿಕೊಂಡಿತ್ತು. ಮೊದಲ ಎಪಿಸೋಡ್ ಬರುವ ಮುಂಚೆಯೇ ಅಪರಾಧಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ನಿಮ್ಮ ಲೆಕ್ಕದಲ್ಲಿ ಅಲ್ಲಿಗೆ ಕಥೆ ಸತ್ತಿತು, ಅಲ್ವಾ? ಅವರು ಹಾಗೆ ಅಂದುಕೊಳ್ಳಲಿಲ್ಲ. ಇವನನ್ನು ಪೊಲೀಸರು ಆಗಲೇ ವಿಚಾರಿಸಿದ್ದರು, ಆದರೂ 27 ವರ್ಷ ಯಾಕೆ ಬೇಕಾಯಿತು ಅಂತ ಕೇಳಿದರು. ಅವತ್ತು ರಾತ್ರಿ ಅಕ್ಕಪಕ್ಕದ ಮನೆಗಳ ಬಾಗಿಲು ಸರಿಯಾಗಿ ತಟ್ಟಿದ್ದರಾ ಅನ್ನುವ ಮಟ್ಟಕ್ಕೆ ಇಳಿದರು. ಕೊಲೆಗಾರ ಗೊತ್ತಿದ್ದೂ ನಾನು ಉಸಿರು ಬಿಗಿಹಿಡಿದು ಕೇಳಿದ್ದು ಅದನ್ನೇ.

ಎರಡನೇ ಸಲ ಬರೆಯುವಾಗ ಗುಮಾಸ್ತನ ಹೆಸರನ್ನು ಕಾಲು ಭಾಗದಲ್ಲೇ ಹೊರಗೆ ಹಾಕಿದೆ. ಎದುರು ಮನೆಯ ಅಜ್ಜಿಯೇ ಹೇಳುತ್ತಾಳೆ. ಆ ಜಾಗ ಮಾತ್ರ ನನಗೆ ಈಗಲೂ ಇಷ್ಟ. ಸಂದರ್ಶನ ಮುಗಿದ ಮೇಲೆ ರೆಕಾರ್ಡ್ ಮಾಡುವವರು ಒಂದರ್ಧ ನಿಮಿಷ ಖಾಲಿ ಕೋಣೆಯ ಸದ್ದನ್ನು ಹಿಡಿಯುತ್ತಾರೆ. ರೂಮ್ ಟೋನ್ ಅನ್ನುತ್ತಾರೆ. ಎಡಿಟ್ ಮಾಡುವಾಗ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅದು ಬೇಕು. ನಾಯಕಿ "ಅಜ್ಜಿ, ಸ್ವಲ್ಪ ಹೊತ್ತು ಮಾತಾಡಬೇಡಿ" ಅನ್ನುತ್ತಾಳೆ. ಫ್ಯಾನ್ ಆಫ್. ಮೈಕ್ ಮಾತ್ರ ಆನ್. ಪ್ರಶ್ನೆ ಮುಗಿಯಿತು ಅಂತ ಅಜ್ಜಿಯ ಭುಜ ಸಡಿಲವಾಗುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಯಾರನ್ನೂ ನೋಡದೆ, "ಆ ಗುಮಾಸ್ತನ ಹೆಂಡತಿ ಆವತ್ತು ಎರಡು ಸಲ ಅಂಗಳ ತೊಳೆದಳು" ಅಂದುಬಿಡುತ್ತಾಳೆ. ಇದನ್ನು ಎಪಿಸೋಡಿಗೆ ಹಾಕಬೇಕಾ ಬೇಡವಾ? ಅಜ್ಜಿ ಹೇಳಿದ್ದು ಮೈಕಿಗಲ್ಲ. ಹಾಕಿದರೆ ಆ ಹೆಂಡತಿಯೂ ಕೇಳುತ್ತಾಳೆ, ಅವಳ ಮನೆ ಮೂರೇ ಬಾಗಿಲಾಚೆ. ಅಲ್ಲಿಂದ ಕಾದಂಬರಿ ತಾನಾಗಿ ಓಡಿತು. ಓದುಗರಿಗೆ ಹೆದರಿಕೆ ಹುಟ್ಟಿದ್ದು ಅಜ್ಜಿಗೆ ಏನಾಗುತ್ತದೋ ಅಂತ.

ಎಪಿಸೋಡುಗಳನ್ನು ಹೇಗೆ ಬಿಡುತ್ತಾಳೆ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. 2017ರ 'ಎಸ್-ಟೌನ್' ಪಾಡ್‌ಕಾಸ್ಟ್ ಏಳೂ ಎಪಿಸೋಡುಗಳನ್ನು ಒಟ್ಟಿಗೆ ಬಿಟ್ಟಿತು. 2014ರ 'ಸೀರಿಯಲ್' ಪಾಡ್‌ಕಾಸ್ಟ್ ವಾರದ ಲೆಕ್ಕದಲ್ಲಿ ಬಂತು, ಮೊದಲನೆಯದು ಹೊರಬಿದ್ದಾಗ ಕೊನೆಯದು ಸಿದ್ಧವೇ ಇರಲಿಲ್ಲ. ನಿಮಗೆ ಬೇಕಾದ್ದು ಎರಡನೆಯದು. ಒಟ್ಟಿಗೆ ಬಿಟ್ಟರೆ ಊರಿನವರು ತಿರುಗಿ ಬೀಳುವುದಕ್ಕೆ ನಡುವೆ ಸಮಯವೇ ಇರುವುದಿಲ್ಲ.

ಕಾದಂಬರಿಯಲ್ಲಿ ಬರುವ ಎಪಿಸೋಡಿನ ಸ್ಕ್ರಿಪ್ಟ್ ಪುಟಗಳನ್ನು ಚಿಕ್ಕದು ಮಾಡಿ. ಓದುಗ ಆಗಲೇ ನೋಡಿದ ಸಂದರ್ಶನ ಅಲ್ಲಿ ಬರುವುದಾದರೆ, ನಾಯಕಿ ಏನನ್ನು ಕತ್ತರಿಸಿದಳು ಅನ್ನುವುದು ಕಾಣಬೇಕು. "ನನಗೆ ಗೊತ್ತಿಲ್ಲ" ಅನ್ನುವ ಮುಂಚೆ ಸಾಕ್ಷಿ ಎಷ್ಟೋ ಹೊತ್ತು ಸುಮ್ಮನಿದ್ದ, ಎಪಿಸೋಡಿನಲ್ಲಿ ಆ ಮೌನ ಇಲ್ಲ. ಅಷ್ಟು ಸಾಕು, ಅವಳ ಮೇಲೂ ಅನುಮಾನ ಶುರುವಾಗುತ್ತದೆ.

ಇವತ್ತೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಅನುಮಾನಿತರ ಪಟ್ಟಿ ಪಕ್ಕಕ್ಕಿಡಿ. ಊರಿನ ಪಾತ್ರಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು, ಯಾರು ಎಷ್ಟನೇ ಎಪಿಸೋಡಿನವರೆಗೆ ಕೇಳಿದ್ದಾರೆ, ಯಾರ ಜೊತೆ ಕೂತು ಕೇಳಿದರು, ಕೇಳಿಲ್ಲ ಅಂತ ಸುಳ್ಳು ಹೇಳುವವರು ಯಾರು ಅಂತ ಪ್ರತಿ ಹೆಸರಿನ ಮುಂದೆ ಗುರುತು ಹಾಕಿ. ಅದನ್ನು ಇಟ್ಟುಕೊಂಡು ನಿಮ್ಮ ಒಂಬತ್ತನೇ ಅಧ್ಯಾಯ ತೆಗೆದು ಓದಿ. ಅಲ್ಲಿ ಮಾತಾಡುವವರು ಇನ್ನೂ ಅದೇ ಮಾತು ಆಡುತ್ತಾರಾ ನೋಡಿ.