ಜಕಣಾಚಾರಿ ಪಾತ್ರದಲ್ಲಿ ಕಲ್ಯಾಣ್ ಕುಮಾರ್ ಬದಲು ನಾಗೇಶ್ವರರಾವ್ ಫೋಟೋ ಯಾಕೆ?
ನಿಮ್ಮ ಹಾಸನದ ಪ್ರದರ್ಶನಕ್ಕೆ ಸಿಕ್ಕಿರುವುದು ‘ಅಮರಶಿಲ್ಪಿ ಜಕಣಾಚಾರಿ’ ಸಿನಿಮಾದ ತೆಲುಗು ಆವೃತ್ತಿಯ ಫೋಟೋ ಇರಬೇಕು. ಬಿ.ಎಸ್. ರಂಗಾ 1964ರಲ್ಲಿ ಒಂದೇ ಕಥೆಯನ್ನು ಕನ್ನಡದಲ್ಲಿ ಕಲ್ಯಾಣ್ ಕುಮಾರ್, ತೆಲುಗಿನಲ್ಲಿ ನಾಗೇಶ್ವರರಾವ್ ನಾಯಕರಾಗಿ ಎರಡೂ ಭಾಷೆಯಲ್ಲಿ ತೆಗೆದರು, ನಾಯಕಿ ಎರಡರಲ್ಲೂ ಬಿ. ಸರೋಜಾದೇವಿ, ಅದಕ್ಕೇ ಗೊಂದಲ. ನಾನೂ ಬೇಲೂರಿನಲ್ಲಿ ಜಕಣಾಚಾರಿ ಕಥೆಯಲ್ಲಿ ಬರುವ ಕಪ್ಪೆ ಚೆನ್ನಿಗರಾಯನ ವಿಗ್ರಹದ ಫೋಟೋ ಪಕ್ಕ ಸುಮ್ನೆ ನಾಗೇಶ್ವರರಾವ್ ಅವರನ್ನು ಅಂಟಿಸಿ ಬೈಸಿಕೊಂಡಿದ್ದೆ.

ಮೊದಲು ಕಲ್ಯಾಣ್ ಕುಮಾರ್ ಇರುವ ಫೋಟೋ ಹುಡುಕಿ ಹಾಕಿ. ಕೆಳಗೆ ‘ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ನಿರ್ಮಾಣ ಮತ್ತು ನಿರ್ದೇಶನ ಬಿ.ಎಸ್. ರಂಗಾ’ ಅಂತ ಬರೆಯಿರಿ. ಆಮೇಲೆ, ಅವರು ಛಾಯಾಗ್ರಾಹಕರೂ ಹೌದು, ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋ ಕಟ್ಟಿದವರು, ಅದನ್ನೂ ಸೇರಿಸಿ, ಜನ ಇದನ್ನೇ ಜಾಸ್ತಿ ಮರೆಯುತ್ತಾರೆ. ಬರೀ ಸರೋಜಾದೇವಿ ಇರುವ ಫೋಟೋ ಆದರೆ ಯಾವ ಭಾಷೆಯದ್ದು ಅಂತ ನೋಡಿ ಹೇಳೋದು ಕಷ್ಟ, ಅದನ್ನು ಬಿಟ್ಟುಬಿಡಿ.