ಸಿಸಿಐಇ ಓದಲು ಹಳೆಯ ರೂಟರ್ ಕೊಳ್ಳಬೇಕೇ? ಯಾವ ಕಂಪನಿಗೂ ಸೇರದ ಪರಿಣತ ಪರೀಕ್ಷೆ ಇದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ನಾಲ್ಕು ವರ್ಷ ನೆಟ್‌ವರ್ಕ್ ಕೆಲಸ ಮಾಡಿ ಈಗ ಸಿಸ್ಕೋ ಕಂಪನಿಯ ಪರಿಣತ ದರ್ಜೆಯ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಐಇಗೆ ಕೂರಲು ಹೊರಟಿದ್ದೀರಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ರೂಟರ್, ಸ್ವಿಚ್‌ಗಳ ಒಂದು ರ‍್ಯಾಕ್ ಎಂಬತ್ತು ಸಾವಿರ ರೂಪಾಯಿಗೆ ಸಿಗುತ್ತಿದೆ, ಕೊಳ್ಳಲೇ ಎಂಬುದು ಮೊದಲನೆಯದು. ಒಂದು ಕಂಪನಿಯ ಪರೀಕ್ಷೆ ಬರೆದು ಆ ಕಂಪನಿಯ ಪೆಟ್ಟಿಗೆಗೇ ಕಟ್ಟುಬಿದ್ದವನಾಗುತ್ತೇನೆಯೇ, ಎಲ್ಲರಿಗೂ ಸಲ್ಲುವ ಪರಿಣತ ದರ್ಜೆಯ ಪರೀಕ್ಷೆ ಬೇರೆ ಇಲ್ಲವೇ ಎಂಬುದು ಎರಡನೆಯದು.

ರ‍್ಯಾಕ್ ಕೊಳ್ಳಬೇಡಿ. 1993ರಲ್ಲಿ ಸಿಸಿಐಇ ಶುರುವಾದಾಗ, ಆಮೇಲೆ ಲ್ಯಾಬ್ ಪರೀಕ್ಷೆ ಎರಡು ದಿನ ನಡೆಯುತ್ತಿದ್ದ ಕಾಲದಲ್ಲಿಯೂ, ಮನೆಯಲ್ಲಿ ಕಬ್ಬಿಣದ ಪೆಟ್ಟಿಗೆಗಳನ್ನು ಪೇರಿಸಿಡದೆ ಬೇರೆ ದಾರಿ ಇರಲಿಲ್ಲ. ಈಗ ಆ ಮಾತಿಲ್ಲ. 2014ರ ಜೂನ್‌ನಲ್ಲಿ ರೂಟಿಂಗ್ ಅಂಡ್ ಸ್ವಿಚಿಂಗ್ ಪರೀಕ್ಷೆಯ ಐದನೇ ಆವೃತ್ತಿ ಬಂದಾಗ ಸಿಸ್ಕೋ ಲ್ಯಾಬನ್ನೇ ವರ್ಚುವಲ್ ಮಾಡಿತು, ಅಂದರೆ ನಿಜವಾದ ಪೆಟ್ಟಿಗೆಯ ಬದಲು ಸಾಫ್ಟ್‌ವೇರ್‌ನಲ್ಲೇ ಓಡುವ ರೂಟರ್, ಸ್ವಿಚ್ ಇಟ್ಟಿತು. 2020ರಲ್ಲಿ ಆ ಪರೀಕ್ಷೆ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ಎಂಬ ಹೊಸ ಹೆಸರು ಪಡೆದ ಮೇಲೆ, ಎಂಟು ಗಂಟೆಯಲ್ಲಿ ಮೊದಲ ಮೂರು ವಿನ್ಯಾಸಕ್ಕೆ, ಉಳಿದ ಐದು ಕಟ್ಟುವುದಕ್ಕೆ ಮತ್ತು ರಿಪೇರಿಗೆ. ಎಸ್‌ಡಿ-ಆಕ್ಸೆಸ್‌ಗಾಗಿ (ಕಚೇರಿಯ ನೆಟ್‌ವರ್ಕನ್ನು ಸಾಫ್ಟ್‌ವೇರ್ ಮೂಲಕ ಒಂದೇ ಕಡೆಯಿಂದ ನಡೆಸುವ ಸಿಸ್ಕೋ ವಿಧಾನ) ಸಿಸ್ಕೋದ ಕ್ಯಾಟಲಿಸ್ಟ್ 9300 ಸ್ವಿಚ್‌ಗಳು ಪರೀಕ್ಷೆಯ ಪಟ್ಟಿಯಲ್ಲಿವೆ, ನಿಜ. ಆದರೆ ಎಂಬತ್ತು ಸಾವಿರದ ಹಳೆಯ ರ‍್ಯಾಕಿನಲ್ಲಿ ಅವು ಇರುವುದಿಲ್ಲ. ಅಲ್ಲಿರುವುದು ಹತ್ತು ಹದಿನೈದು ವರ್ಷ ಹಿಂದಿನ ಸಾಫ್ಟ್‌ವೇರ್, ವಿಮಾನದಂತೆ ಸದ್ದು ಮಾಡುವ ಫ್ಯಾನು ಮತ್ತು ತಿಂಗಳ ಕೊನೆಗೆ ಬರುವ ಬೆಸ್ಕಾಂ ಬಿಲ್ಲು.

ಒಂದೇ ಒಂದು ಹಳೆಯ ಸ್ವಿಚ್ ಮಾತ್ರ ಕೊಳ್ಳಿ. ಕ್ಯಾಟಲಿಸ್ಟ್ 3560 ಆದರೂ ಸಾಕು. ವರ್ಚುವಲ್ ಪೆಟ್ಟಿಗೆ ಕಲಿಸದ ಕೆಲವು ಪಾಠಗಳು ಅದರಲ್ಲಿವೆ. ಆ ಸ್ವಿಚ್‌ನಲ್ಲಿ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ; ಹಳೆಯದು ಐಪಿವಿ4) ರೂಟಿಂಗ್ ನಡೆಸಬೇಕಾದರೆ ಮೊದಲು ಎಸ್‌ಡಿಎಂ ಟೆಂಪ್ಲೇಟ್, ಅಂದರೆ ಮೆಮೊರಿ ಹಂಚಿಕೆಯ ನಮೂನೆ, ಬದಲಿಸಿ ಸ್ವಿಚ್ಚನ್ನು ರೀಲೋಡ್ ಮಾಡಬೇಕು. ಏಕೆಂದರೆ ಹಾದಿಗಳನ್ನು ಬರೆದಿಡುವ ಟಿಕ್ಯಾಮ್ ಎಂಬ ಮೆಮೊರಿ ಸೀಮಿತ. ಇಷ್ಟು ಜಾಗ ಐಪಿವಿ4ಕ್ಕೆ, ಇಷ್ಟು ಐಪಿವಿ6ಕ್ಕೆ ಎಂದು ಬೂಟ್ ಆಗುವಾಗಲೇ ಪಾಲು ಹಾಕಬೇಕು. ಈ ಪಾಲನ್ನು ಒಮ್ಮೆ ನೀವೇ ಹಾಕಿ ನೋಡಿದರೆ, ಯಾವ ಕಂಪನಿಯ ಸ್ವಿಚ್ ಮುಂದೆ ಕುಳಿತರೂ ‘ಇದರ ಟೇಬಲ್ ಎಷ್ಟು ದೊಡ್ಡದು’ ಎಂದು ಮೊದಲು ಕೇಳುತ್ತೀರಿ. ಫೈಬರ್ ಸಿಕ್ಕಿಸುವ ಎಸ್‌ಎಫ್‌ಪಿ ಎಂಬ ಚಿಕ್ಕ ತುಣುಕನ್ನು ಕಿತ್ತು ಹಾಕುವುದು, ಫೈಬರ್‌ನ ತುದಿ ಒರೆಸುವುದು, ಕ್ಯೂ ತುಂಬಿ ಪ್ಯಾಕೆಟ್ ಬೀಳುವುದನ್ನು ನೋಡುವುದು ಕೂಡ ನಿಜವಾದ ಪೆಟ್ಟಿಗೆಯಲ್ಲೇ ಆಗಬೇಕು.

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಹತ್ತಿರದ್ದು. ಯಾವ ಕಂಪನಿಗೂ ಸೇರದ ನೆಟ್‌ವರ್ಕ್ ಪರೀಕ್ಷೆ ಎಂದರೆ ಎಲ್ಲರೂ ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್ ಹೆಸರು ಹೇಳುತ್ತಾರೆ. ಅದು ಆರಂಭದ ಮೆಟ್ಟಿಲು. ಪರಿಣತ ದರ್ಜೆಯಲ್ಲಿ ಅಷ್ಟೇ ಹೆಸರುವಾಸಿಯಾದದ್ದು ಇಲ್ಲದಿರುವುದಕ್ಕೆ ಕಾರಣವೂ ಇದೆ. ಆ ದರ್ಜೆಯಲ್ಲಿ ಕೈ ಹಾಕಿ ಕೆಲಸ ಮಾಡಿಸಿಯೇ ಅಳೆಯಬೇಕು, ಕೈ ಹಾಕಲು ಒಂದು ಪೆಟ್ಟಿಗೆ ಬೇಕು, ಪೆಟ್ಟಿಗೆ ಎಂದ ಮೇಲೆ ಅದು ಯಾರದೋ ಆಗಿರಲೇಬೇಕು. ಕಮಾಂಡ್ ಬರೆಸದೆ ವಿನ್ಯಾಸವನ್ನಷ್ಟೇ ಪರೀಕ್ಷಿಸುವ ಸಿಸಿಡಿಇ ಈ ಗೋಡೆಯನ್ನು ಸ್ವಲ್ಪ ದಾಟಿದೆ, ಆದರೆ ಅದನ್ನು ನಡೆಸುವುದೂ ಸಿಸ್ಕೋ. ಇದೇ ದರ್ಜೆಯ ಪರೀಕ್ಷೆಗಳಲ್ಲಿ ಜೆಎನ್‌ಸಿಐಇ ಜುನಿಪರ್‌ನದು, ಎಚ್‌ಸಿಐಇ ಹುವಾವೇಯದು. ಆದ್ದರಿಂದ ನಿಮ್ಮ ಕೆಲಸದಲ್ಲಿ ಹೆಚ್ಚಾಗಿ ಕಾಣುವ ಪೆಟ್ಟಿಗೆಯ ಪರೀಕ್ಷೆಯನ್ನೇ ಬರೆಯಿರಿ, ಅದರಲ್ಲಿ ಅಳುಕು ಬೇಡ. ಓದುವ ಕ್ರಮದಲ್ಲಿ ಮಾತ್ರ ಒಂದೇ ಪೆಟ್ಟಿಗೆಗೆ ನಿಲ್ಲಬೇಡಿ.

ಇದನ್ನು ನಾನು ಕಲಿತದ್ದು ಒಂದು ರಾತ್ರಿ ಒಂದೂವರೆಗೆ. ಎರಡು ಊರುಗಳ ಡೇಟಾ ಸೆಂಟರ್ ನಡುವೆ ಹೊಸ ಲಿಂಕ್ ಎಬ್ಬಿಸುತ್ತಿದ್ದೆವು. ಈ ತುದಿಯಲ್ಲಿ ಸಿಸ್ಕೋದ ಐಒಎಸ್ ತಂತ್ರಾಂಶದ ರೂಟರ್, ಆ ತುದಿಯಲ್ಲಿ ಜುನಿಪರ್‌ನ ಜುನೋಸ್ ತಂತ್ರಾಂಶದ ರೂಟರ್. ಎರಡೂ ಕಡೆ ಇಂಟರ್ಫೇಸ್‌ನ ಎಂಟಿಯು (ಒಮ್ಮೆಗೆ ಸಾಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ, ಬೈಟ್‌ಗಳಲ್ಲಿ) 9000 ಎಂದು ನಾನೇ ಬರೆದಿದ್ದೆ. ಪಿಂಗ್ ಹೋಗುತ್ತಿತ್ತು, ಹಲೋ ಪ್ಯಾಕೆಟ್‌ಗಳು ಬರುತ್ತಿದ್ದವು, ಆದರೆ ರೂಟರ್‌ಗಳು ತಮ್ಮ ನಡುವೆ ಹಾದಿ ಹಂಚಿಕೊಳ್ಳುವ ನಿಯಮಾವಳಿಯಾದ ಒಎಸ್‌ಪಿಎಫ್‌ನ ನಂಟು, ವಿವರ ಹಂಚಿಕೆ ಶುರುವಾಗುವ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿತ್ತು. ಏರಿಯಾ ಸಂಖ್ಯೆ ನೋಡಿದೆ, ಪಾಸ್‌ವರ್ಡ್ ಮತ್ತೆ ಬರೆದೆ, ಇಂಟರ್ಫೇಸ್ ಮುಚ್ಚಿ ತೆರೆದೆ. ಎಂಟಿಯು ಎರಡು ಕಡೆಯೂ ಒಂದೇ ಇದೆ ಎಂದು ನನ್ನ ಕಣ್ಣೇ ಹೇಳುತ್ತಿದ್ದುದರಿಂದ ಆ ಕಡೆ ಮತ್ತೆ ನೋಡಲಿಲ್ಲ. ಆಗ ನನ್ನ ಬಳಿ ಪರೀಕ್ಷೆ ಪಾಸಾದವರಿಗೆ ಸಿಗುವ ಸಿಸಿಐಇ ಸಂಖ್ಯೆ ಇತ್ತು, ಅದು ನನಗೆ ಆ ರಾತ್ರಿ ನೆರವಾಗಲಿಲ್ಲ. ನಾಲ್ಕು ಗಂಟೆಗೆ ಒಎಸ್‌ಪಿಎಫ್‌ನ ಮಾನಕ ದಾಖಲೆಯಾದ ಆರ್‌ಎಫ್‌ಸಿ 2328 ತೆರೆದೆ. ಅದರ 10.6ನೇ ಭಾಗದಲ್ಲಿ ಸ್ಪಷ್ಟವಾಗಿದೆ: ಡೇಟಾಬೇಸ್ ವಿವರಣೆಯ ಪ್ಯಾಕೆಟ್ ಹೊತ್ತು ತರುವ ಎಂಟಿಯು ತನ್ನ ಇಂಟರ್ಫೇಸ್ ಹಿಡಿಸುವುದಕ್ಕಿಂತ ದೊಡ್ಡದಿದ್ದರೆ ರೂಟರ್ ಆ ಪ್ಯಾಕೆಟ್ಟನ್ನು ತಿರಸ್ಕರಿಸಬೇಕು. ಐಒಎಸ್‌ನಲ್ಲಿ 9000 ಎಂದರೆ ಐಪಿ ಪ್ಯಾಕೆಟ್‌ನ ಅಳತೆ. ಜುನೋಸ್‌ನಲ್ಲಿ ಅದೇ 9000ದೊಳಗೆ ಈಥರ್ನೆಟ್ ಹೆಡರ್‌ನ 14 ಬೈಟ್ ಕೂಡ ಸೇರಿದೆ. ಐಪಿಗೆ ಉಳಿಯುವುದು 8986. ಜುನೋಸ್ ಕಡೆ 9014 ಎಂದು ಬದಲಿಸಿ ಕಮಿಟ್ ಮಾಡಿದೆ, ಕೆಲವೇ ಕ್ಷಣದಲ್ಲಿ ನೆರೆಯ ಸ್ಥಿತಿ ‘ಫುಲ್’ ಎಂದು ಬಂತು. ಎರಡೂ ರೂಟರ್‌ಗಳು ಆರ್‌ಎಫ್‌ಸಿ ಹೇಳಿದಂತೆಯೇ ನಡೆದಿದ್ದವು. ನಾನು ಓದಿದ್ದು ಮಾತ್ರ ಒಂದು ಕಂಪನಿಯ ಪುಸ್ತಕ.

ಇಂಥ ಜಾಗಗಳು ಇನ್ನೂ ಇವೆ. ಒಂದೇ ಹಾದಿ ಒಎಸ್‌ಪಿಎಫ್‌ನಿಂದಲೂ ಬೇರೆ ಬೇರೆ ಸಂಸ್ಥೆಗಳ ನೆಟ್‌ವರ್ಕ್ ನಡುವೆ ಹಾದಿ ಹಂಚುವ ಹೊರಗಿನ ಬಿಜಿಪಿಯಿಂದಲೂ ಬಂದರೆ ಸಿಸ್ಕೋ ರೂಟರ್ ಬಿಜಿಪಿಯನ್ನು ಆರಿಸುತ್ತದೆ, ಏಕೆಂದರೆ ಅಲ್ಲಿ ಆದ್ಯತೆಯ ಅಂಕಿ ಬಿಜಿಪಿಗೆ 20, ಒಎಸ್‌ಪಿಎಫ್‌ಗೆ 110; ಅಂಕಿ ಕಡಿಮೆ ಇದ್ದದ್ದೇ ಗೆಲ್ಲುತ್ತದೆ. ಜುನೋಸ್ ಒಎಸ್‌ಪಿಎಫ್ ಆರಿಸುತ್ತದೆ. ಅಲ್ಲಿ ಒಳಗಿನ ಒಎಸ್‌ಪಿಎಫ್‌ಗೆ 10, ಬಿಜಿಪಿಗೆ 170. ಎರಡನ್ನೂ ಒಂದೇ ನೆಟ್‌ವರ್ಕ್‌ನಲ್ಲಿ ಇಟ್ಟು ಹಾದಿಗಳನ್ನು ಅತ್ತಿಂದಿತ್ತ ಹಂಚಿದರೆ ಪ್ಯಾಕೆಟ್ ಸುತ್ತುಹೊಡೆಯಲು ಇಷ್ಟು ಸಾಕು. ಸಿಸ್ಕೋ ಪುಸ್ತಕದಲ್ಲಿ ಬಿಜಿಪಿಯ ಮೊದಲ ಅಳತೆಗೋಲಾಗಿ ಬರುವ ‘ವೆಯ್ಟ್’ ಬಿಜಿಪಿಯ ಆರ್‌ಎಫ್‌ಸಿ 4271ರಲ್ಲಿ ಎಲ್ಲೂ ಇಲ್ಲ. ಹಾದಿ ಹಂಚುವ ಇನ್ನೊಂದು ನಿಯಮಾವಳಿಯಾದ ಇಐಜಿಆರ್‌ಪಿ ಬಹುಕಾಲ ಸಿಸ್ಕೋ ಮನೆಯದೇ ಆಗಿದ್ದು, 2016ರಲ್ಲಷ್ಟೇ ಆರ್‌ಎಫ್‌ಸಿ 7868 ಆಗಿ ಪ್ರಕಟವಾಯಿತು, ಅದೂ ಮಾಹಿತಿಗಾಗಿ, ಮಾನಕವಾಗಿ ಅಲ್ಲ. ಓದುವಾಗ ಪ್ರತಿ ವಿಷಯದ ಪಕ್ಕದಲ್ಲಿ ‘ಇದು ಮಾನಕದ್ದು, ಇದು ಕಂಪನಿಯದು’ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುವ ಅಭ್ಯಾಸ ಆ ರಾತ್ರಿಯ ನಂತರ ನನಗೆ ಬಂತು.

ಹಾಗಾದರೆ ಆ ಎಂಬತ್ತು ಸಾವಿರವನ್ನು ಏನು ಮಾಡಬೇಕು? 64 ಜಿಬಿ ರ‍್ಯಾಮ್ ಇರುವ ಒಂದು ಹಳೆಯ ವರ್ಕ್‌ಸ್ಟೇಷನ್ ಹುಡುಕಿ. ದುಡ್ಡು ಅಲ್ಲಿ ಸಾರ್ಥಕ. ಸಿಸ್ಕೋಗೆ ಅದರದೇ ಸಿಎಂಎಲ್ ಎಂಬ ವರ್ಚುವಲ್ ಲ್ಯಾಬ್ ತಂತ್ರಾಂಶ ಇದೆ, ಐದು ನೋಡ್‌ಗಳವರೆಗೆ, ಅಂದರೆ ಐದು ವರ್ಚುವಲ್ ಪೆಟ್ಟಿಗೆಗಳವರೆಗೆ, ಉಚಿತ ಆವೃತ್ತಿಯೂ ಇದೆ. ಎಲ್ಲಿಂದಲೋ ಕದ್ದ ರೂಟರ್ ತಂತ್ರಾಂಶದ ಇಮೇಜ್ ಹಾಕಿಕೊಳ್ಳಬೇಡಿ; ಪರೀಕ್ಷೆಗೆ ಕೂರುವವರಿಗೆ ಅದು ತಕ್ಕದ್ದಲ್ಲ. ನೋಕಿಯಾದ ರೂಟರ್ ತಂತ್ರಾಂಶವಾದ ಎಸ್‌ಆರ್ ಲಿನಕ್ಸ್‌ನ ಕಂಟೇನರ್ ಉಚಿತ, ಇಂಥವನ್ನು ಜೋಡಿಸಿ ಓಡಿಸುವ ಕಂಟೇನರ್‌ಲ್ಯಾಬ್‌ನಲ್ಲಿ ಒಂದೆರಡು ನಿಮಿಷದಲ್ಲಿ ಏಳುತ್ತದೆ. ಲ್ಯಾಬ್ ಬಳಕೆಗೆ ಜುನಿಪರ್ ಜುನೋಸ್‌ನ ವರ್ಚುವಲ್ ರೂಪವಾದ ವಿಜುನೋಸ್ ಉಚಿತವಾಗಿ ಕೊಡುತ್ತದೆ, ಆದರೆ ಒಂದೊಂದೂ ನಾಲ್ಕೈದು ಜಿಬಿ ರ‍್ಯಾಮ್ ತಿನ್ನುತ್ತದೆ. ರೂಟಿಂಗ್‌ನ ಮುಕ್ತ ತಂತ್ರಾಂಶವಾದ ಎಫ್‌ಆರ್‌ಆರ್ ತೀರ ಹಗುರ.

ಈ ಭಾನುವಾರವೇ ಶುರುಮಾಡಿ. ಒಂದು ಸಿಸ್ಕೋ ರೂಟರ್, ಒಂದು ವಿಜುನೋಸ್, ಒಂದು ಎಫ್‌ಆರ್‌ಆರ್. ಮೂರನ್ನೂ ಒಎಸ್‌ಪಿಎಫ್‌ನಲ್ಲಿ ಕಟ್ಟಿ, ಎಲ್ಲ ಕಡೆ ಎಂಟಿಯು 9000 ಎಂದು ಬರೆಯಿರಿ. ನಂಟು ಎಲ್ಲಿ ನಿಲ್ಲುತ್ತದೆ ನೋಡಿ, ಎರಡೂ ತುದಿಯ ಪ್ಯಾಕೆಟ್ ಹಿಡಿದು ಅದರೊಳಗಿನ ಎಂಟಿಯು ಅಂಕಿ ಓದಿ. ಉಳಿದ ಹಣವನ್ನು ಪರೀಕ್ಷಾ ಶುಲ್ಕಕ್ಕೆ ತೆಗೆದಿಡಿ. ಸಿಸಿಐಇ ಲ್ಯಾಬ್ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ಪ್ರಯಾಣದ ಖರ್ಚಿನ ಚಿಂತೆ ನಿಮಗಿಲ್ಲ.