ಕಲಿಸುತ್ತೇವೆ ಅಂದರೆ ಪುಕ್ಕಟೆ ದುಡಿಸಬಹುದಾ?

ಪತ್ರ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿ ಉದ್ಯಮಬಾಗದ ಒಂದು ಕಾರ್ಖಾನೆಗೆ ಇಂಟರ್ನ್ ಆಗಿ ಸೇರಿದ್ದೇನೆ. ಲೇಥ್ (ಲೋಹ ಕಡೆಯುವ ಯಂತ್ರ) ಮೇಲೆ ದಿನಕ್ಕೆ ನಲವತ್ತು ಪೀಸ್ ತೆಗೆಯುತ್ತೇನೆ. ನಾಲ್ಕು ತಿಂಗಳಾಯಿತು, ಒಂದು ರೂಪಾಯಿ ಕೊಟ್ಟಿಲ್ಲ. ಕೇಳಿದರೆ 'ಕೆಲಸ ಕಲಿಸುತ್ತಿರುವುದೇ ದೊಡ್ಡದು' ಅನ್ನುತ್ತಾರೆ. ಜೊತೆಗಿರುವ ಇಬ್ಬರು ಹುಡುಗಿಯರದೂ ಇದೇ ಕತೆ. ಕಾನೂನು ಇದೆಯೇ? ತಪ್ಪಾಗಿ ಕೇಳಿದ್ದರೆ ಕ್ಷಮಿಸಿ.
– ಒಬ್ಬ ಓದುಗ, ಬೈಲಹೊಂಗಲ

ಉತ್ತರ: ತಮ್ಮಾ, ಮೊದಲು ಆ 'ಕ್ಷಮಿಸಿ' ಅನ್ನುವುದನ್ನು ಅಳಿಸಿಬಿಡು. ದುಡಿದವನು ದುಡ್ಡು ಕೇಳಲು ಯಾರ ಅಪ್ಪಣೆ ಬೇಕು?

ಮಾಲೀಕರ ಮಾತಲ್ಲೂ ಒಂದಿಷ್ಟು ನಿಜ ಇದೆ. ಹೊಸ ಹುಡುಗನ ಕೈಯಲ್ಲಿ ನಾಲ್ಕು ಪೀಸ್ ಕೆಡುತ್ತವೆ, ಟೂಲ್ ಮುರಿಯುತ್ತದೆ. ಒಪ್ಪಿದೆ. ಆದರೆ ನೀನು ತೆಗೆದ ನಲವತ್ತು ಪೀಸಿಗೂ ಬಿಲ್ ಆಗುತ್ತದೆ, ಅಲ್ವಾ?

ನಾನೂ ಕಲಿಯಲು ಹೋದವನೇ. ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಲಗ್ನಪತ್ರಿಕೆಯ ದಿನಗಳಲ್ಲಿ ರಾತ್ರಿ ಹನ್ನೊಂದಾಗುತ್ತಿತ್ತು. ಉಗುರಿನ ಸಂದಿಯ ಮಸಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದೆ. ಎಂಟು ತಿಂಗಳು ಸಿಕ್ಕಿದ್ದು ಬರೀ ಚಹಾ. ಬಸ್ಸಿನ ಚಾರ್ಜಿಗೆ ಅವ್ವ ಹಾಲು ಮಾರಿದ ದುಡ್ಡು ಕೊಡುತ್ತಿದ್ದಳು. ಅಂದರೆ ಆ ಪ್ರೆಸ್ಸಿಗೆ ನಮ್ಮವ್ವನೇ ಸಂಬಳ ಕೊಟ್ಟಂತಾಯಿತು.

'ಇಂಟರ್ನ್' ಅನ್ನುವವರಿಗೇ ಅಂತ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಆ ಸಂದಿಯಲ್ಲೇ ಜನ ನುಸುಳುತ್ತಾರೆ. ಅಪ್ರೆಂಟಿಸ್, ಅಂದರೆ ಕರಾರಿನ ಮೇಲೆ ಕೆಲಸ ಕಲಿಯುವವರಿಗಾಗಿ ಇರುವ 1961ರ ಕಾಯ್ದೆ ಮಾತ್ರ ಗಟ್ಟಿಯಾಗಿದೆ. ಕರಾರು ಬರೆದು ನೋಂದಾಯಿಸಬೇಕು. ಡಿಪ್ಲೊಮಾ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಅಂತ 2019ರಲ್ಲೇ ನಿಯಮ ತಿದ್ದಿದ್ದಾರೆ. ಕೆಲಸದಲ್ಲಿ ಗಾಯವಾದರೆ ಮಾಲೀಕರೇ ಪರಿಹಾರ ಕೊಡಬೇಕು. ಇಷ್ಟೆಲ್ಲ ಯಾಕೆ ಅಂತ ಸುಮ್ನೆ 'ಇಂಟರ್ನ್' ಎಂದು ಕರೆದುಬಿಡುತ್ತಾರೆ. ಆ ಹುಡುಗಿಯರಿಗೂ ಒಂದು ಮಾತು ಹೇಳು: ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಇಲ್ಲದ ಟ್ರೇನಿಗಳಿಗೂ ಅನ್ವಯಿಸುತ್ತದೆ.

ಅವರ ಆ ಮಾತಿಗೆ ತಲೆಬಾಗಿ ನಾಲ್ಕು ತಿಂಗಳು ಸುಮ್ಮನೆ ಕೂತಿದ್ದು ಮಾತ್ರ ನಿನ್ನ ತಪ್ಪು. ಇವತ್ತೇ ಒಂದು ನೋಟ್‌ಬುಕ್ ತೆಗೆದುಕೋ. ಎಷ್ಟು ಹೊತ್ತಿಗೆ ಹೋದೆ, ಎಷ್ಟು ಪೀಸ್ ತೆಗೆದೆ, ಬರೆದಿಡು. ಮೂವರೂ ಸೇರಿ ಅದನ್ನು ಮಾಲೀಕರ ಮುಂದಿಟ್ಟು ಕೇಳಿ. ಬಗ್ಗದಿದ್ದರೆ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ.

ಇದು ಒಂದು ಕಾರ್ಖಾನೆಯ ಮಾತಲ್ಲ. ವಕೀಲರ ಆಫೀಸು, ಟಿವಿ ಚಾನೆಲ್, ನಮ್ಮ ಪತ್ರಿಕೆಗಳು, ಎಲ್ಲ ಕಡೆ 'ಅನುಭವ' ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅನುಭವ ತೋರಿಸಿದರೆ ರೂಮಿನ ಬಾಡಿಗೆ ಮಾಫಿ ಆಗುತ್ತದೆಯೇ? ಮನೆಯಲ್ಲಿ ದುಡ್ಡಿದ್ದವರ ಮಕ್ಕಳು ಆರು ತಿಂಗಳು ತಾಳಿಕೊಂಡು ಕಲಿಯುತ್ತಾರೆ. ಎರಡೆಕರೆ ಒಣಬೇಸಾಯದವರ ಮಕ್ಕಳು ಪುಣೆಯ ಬಸ್ಸು ಹತ್ತುತ್ತಾರೆ. ಆಮೇಲೆ ಇದೇ ಮಾಲೀಕರು ನಮ್ಮ ಕಚೇರಿಗೆ ಬಂದು, 'ಬೆಳಗಾವಿಯಲ್ಲಿ ಕೆಲಸಕ್ಕೆ ಹುಡುಗರೇ ಸಿಗುತ್ತಿಲ್ಲ, ಸ್ವಲ್ಪ ಬರೆಯಿರಿ ಸಾಹೇಬ್ರ' ಅನ್ನುತ್ತಾರೆ. ಇಗೋ, ಬರೆದಿದ್ದೇನೆ.